ಹಾಜರಿ ಪುಸ್ತಕ ತಂದಿದ್ದೀಯೇನಮ್ಮಾ?

ಸೋಮವಾರ ಬೆಳಿಗ್ಗೆ ಕೋರ್ಟಿಗೆ ಹೊರಡುವ ಹೊತ್ತಿಗೆ ಅವರಿಬ್ಬರೂ ಬಂದು ಆಫೀಸಿನ ಬೆಂಚಿನ ಮೇಲೆ ಕೂತಿದ್ದರು. ಮೂವತ್ತು ದಾಟಿರದ ಹೆಣ್ಣುಮಗಳು, ಪಕ್ಕದಲ್ಲಿ ಅವಳ ಅತ್ತೆ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಎಲ್ಲರ ಆಧಾರ್, ರೇಷನ್ ಕಾರ್ಡು. ಗಂಡ ಗಾರೆ ಕೆಲಸದವನು, ವಯಸ್ಸು 34. ಶಿರಾ ಕಡೆಯಿಂದ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಹಿಂದಿನಿಂದ ಲಾರಿ ಗುದ್ದಿತ್ತು. ಮಾತು ಶುರು ಮಾಡಿದ್ದು ಅತ್ತೆ. “ಒಂದು ಜೀವಕ್ಕೆ ಇಷ್ಟು ಅಂತ ಸರ್ಕಾರ ರೇಟು ಕಟ್ಟೈತಾ ಸಾರ್?”

ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಅತಿ ಹೆಚ್ಚು ಸಲ ಕಾಣುವ ಪ್ರಶ್ನೆ ಇದೇ. ಪಕ್ಕದೂರಿನ ಕೇಸಿನಲ್ಲಿ ಐವತ್ತು ಲಕ್ಷ ಬಂತಂತೆ, ನಮ್ಮದರಲ್ಲಿ ಹದಿನೆಂಟೇ ಏಕೆ? ಅದೇ ರಸ್ತೆ, ಅದೇ ಲಾರಿ, ಒಂದೇ ವಯಸ್ಸು, ಆದರೂ ಏಕೆ ಈ ವ್ಯತ್ಯಾಸ? ಲಾಯರು ಸರಿಯಿಲ್ಲವೇ, ಜಡ್ಜು ಸರಿಯಿಲ್ಲವೇ ಎಂದು ಜನ ಅನುಮಾನಿಸುತ್ತಾರೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಎಂವಿಸಿ, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸುಗಳನ್ನೇ ನಡೆಸಿದವನಾಗಿ ಹೇಳುತ್ತೇನೆ, ಬಹಳಷ್ಟು ಸಲ ಕಾರಣ ಇವೆರಡೂ ಅಲ್ಲ. ವ್ಯತ್ಯಾಸ ಹುಟ್ಟುವುದು ಲೆಕ್ಕದ ಮೊದಲ ಸಾಲಿನಲ್ಲಿ.

ಜೀವಕ್ಕೆ ರೇಟು ಯಾರೂ ಕಟ್ಟಿಲ್ಲ, ಕಟ್ಟಲು ಬರುವುದೂ ಇಲ್ಲ. ಸತ್ತವರು ಬದುಕಿದ್ದರೆ ಈ ಮನೆಗೆ ತಿಂಗಳು ತಿಂಗಳು ಎಷ್ಟು ದುಡ್ಡು ಬರುತ್ತಿತ್ತು, ಎಷ್ಟು ವರ್ಷ ಬರುತ್ತಿತ್ತು ಎಂಬುದನ್ನು ನ್ಯಾಯಮಂಡಳಿ ಲೆಕ್ಕ ಹಾಕುತ್ತದೆ. ಅದಕ್ಕೆ ಬೇಕಾದದ್ದು ನಾಲ್ಕು ಅಂಕಿ: ತಿಂಗಳ ಆದಾಯ, ಮುಂದೆ ಅದು ಬೆಳೆಯುತ್ತಿದ್ದ ಪ್ರಮಾಣ, ಸತ್ತವರ ಸ್ವಂತ ಖರ್ಚಿಗೆಂದು ಕಳೆಯುವ ಪಾಲು, ಕೊನೆಗೆ ವಯಸ್ಸಿಗೆ ತಕ್ಕ ಗುಣಕ. ಕೊನೆಯ ಮೂರೂ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಬಹುಪಾಲು ನಿಗದಿಯಾಗಿವೆ. ಅದರಲ್ಲಿ ಲಾಯರು ವಾದಿಸಿ ಗೆಲ್ಲುವುದೂ ಕಡಿಮೆ, ಸೋಲುವುದೂ ಕಡಿಮೆ. ನಿಜವಾದ ಜಟಾಪಟಿ ನಡೆಯುವುದು ಮೊದಲ ಅಂಕಿಯ ಮೇಲೆ, ಆದಾಯದ ಮೇಲೆ.

ಆ ಗಾರೆ ಮೇಸ್ತ್ರಿಯ ಲೆಕ್ಕವನ್ನೇ ಹಾಕೋಣ. ಆದಾಯಕ್ಕೆ ಯಾವ ದಾಖಲೆಯೂ ಇಲ್ಲ ಎಂದುಕೊಳ್ಳಿ. ಆಗ ನಮ್ಮ ರಾಜ್ಯದ ನ್ಯಾಯಮಂಡಳಿಗಳು ಸಾಮಾನ್ಯವಾಗಿ ನೋಡುವುದು ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ್ ಅದಾಲತ್‌ಗಾಗಿ ಮಾಡಿಕೊಂಡ ಪಟ್ಟಿಯನ್ನು. ಅಪಘಾತ ಯಾವ ವರ್ಷ ಆಯಿತು ಎಂಬುದರ ಮೇಲೆ ತಿಂಗಳಿಗೆ ಇಷ್ಟು ಎಂದು ಅಲ್ಲೊಂದು ಅಂದಾಜು ಆದಾಯ ಇರುತ್ತದೆ. ಲೆಕ್ಕ ಸುಲಭವಾಗಲೆಂದು ಅದನ್ನು 15,000 ರೂಪಾಯಿ ಎಂದಿಟ್ಟುಕೊಳ್ಳಿ. ವಯಸ್ಸು 40ರ ಒಳಗೆ, ಸ್ವಂತ ದುಡಿಮೆ. ಆದ್ದರಿಂದ ಮುಂದಿನ ಬೆಳವಣಿಗೆಗೆಂದು ಶೇ 40 ಸೇರಿಸಬೇಕು. 21,000 ಆಯಿತು. ನಂಬಿದವರು ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಒಟ್ಟು ನಾಲ್ಕು ಜನ. ಹಾಗಾಗಿ ಸತ್ತವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಬೇಕು. ಉಳಿದದ್ದು 15,750. ವರ್ಷಕ್ಕೆ 1,89,000. ವಯಸ್ಸು 34, ಗುಣಕ 16. ಗುಣಿಸಿದರೆ 30,24,000 ರೂಪಾಯಿ.

ಇದೇ ಲೆಕ್ಕವನ್ನು ತಿಂಗಳಿಗೆ ಒಂದೇ ಒಂದು ಸಾವಿರ ಹೆಚ್ಚಿಗೆ ಹಿಡಿದು ಮತ್ತೊಮ್ಮೆ ಮಾಡಿ ನೋಡಿ. ಕೊನೆಯ ಮೊತ್ತ 2,01,600 ರೂಪಾಯಿ ಏರುತ್ತದೆ. ತಿಂಗಳ ಆದಾಯದ ಪ್ರತಿ ಸಾವಿರಕ್ಕೂ ಆ ಮನೆಗೆ ಎರಡು ಲಕ್ಷದ ವ್ಯತ್ಯಾಸ! ಪಾಟೀ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಬೇರೆಲ್ಲ ಬಿಟ್ಟು “ನಿಮ್ಮ ಗಂಡನ ಸಂಪಾದನೆಗೆ ದಾಖಲೆ ಏನಿದೆ?” ಎಂದು ಅದೊಂದನ್ನೇ ಹಿಡಿದು ಕೇಳುವುದು ಇದಕ್ಕೇ. ಹೆಣ್ಣುಮಗಳು ತಲೆ ತಗ್ಗಿಸಿ “ಇಲ್ಲ” ಎನ್ನುತ್ತಾಳೆ. ಆ ಎರಡಕ್ಷರ ಎಷ್ಟು ಲಕ್ಷದ್ದು ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ಗುಣಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. “34ನೇ ವಯಸ್ಸಿಗೆ ಹೋದವರು 60ರ ತನಕ ದುಡಿದಿದ್ದರೆ 26 ವರ್ಷ ಆಗುತ್ತಿತ್ತಲ್ಲ, 16 ಮಾತ್ರ ಯಾಕೆ?” ಎಂದು ಓದುಗರು ಕೇಳುತ್ತಾರೆ. ಕಾರಣ ಹೀಗಿದೆ. 26 ವರ್ಷ ಕಂತು ಕಂತಾಗಿ ಬರಬೇಕಾಗಿದ್ದ ದುಡ್ಡು ಈಗ ಒಂದೇ ಸಲ ಕೈಗೆ ಬರುತ್ತದೆ. ಅದನ್ನು ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಹುಟ್ಟುತ್ತದೆ. ವರ್ಷ ವರ್ಷ ಬಡ್ಡಿಯನ್ನೂ ಅಸಲಿನ ಒಂದು ಪಾಲನ್ನೂ ತೆಗೆದು ಸಂಸಾರ ನಡೆಸಿದರೆ, ಅವರು ದುಡಿಯಬಹುದಾಗಿದ್ದ ಕಾಲ ಮುಗಿಯುವ ಹೊತ್ತಿಗೆ ಗಂಟು ಕರಗಬೇಕು ಎಂಬುದು ಇದರ ಹಿಂದಿನ ಯೋಚನೆ. ಬದುಕಿದ್ದರೂ ಕಾಯಿಲೆ ಬೀಳಬಹುದಿತ್ತು, ಕೆಲಸ ಹೋಗಬಹುದಿತ್ತು ಎಂಬುದನ್ನೂ ಅದರಲ್ಲೇ ಹಿಡಿದಿದ್ದಾರೆ. ಇಂಗ್ಲೆಂಡಿನ ನ್ಯಾಯಾಲಯಗಳಿಂದ ಬಂದ ಈ ಪದ್ಧತಿಯನ್ನೇ ಅನುಸರಿಸಬೇಕೆಂದು ಸುಪ್ರೀಂ ಕೋರ್ಟು ಕೇರಳದ ಸುಸಮ್ಮ ಥಾಮಸ್ ಪ್ರಕರಣದಲ್ಲಿ ಒತ್ತಿ ಹೇಳಿತು.

ಹೇಳಿದರೂ ಒಂದೊಂದು ನ್ಯಾಯಮಂಡಳಿ ಒಂದೊಂದು ಗುಣಕ ಹಾಕುತ್ತಿತ್ತು. ಅದನ್ನು ಒಂದು ದಾರಿಗೆ ತಂದದ್ದು 2009ರ ಸರಳಾ ವರ್ಮಾ ತೀರ್ಪು. ಬರೆದವರು ನಮ್ಮ ಹೈಕೋರ್ಟಿನಲ್ಲಿ ದೀರ್ಘಕಾಲ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. 25 ವರ್ಷದ ತನಕ ಗುಣಕ 18. 26ರಿಂದ 30ಕ್ಕೆ 17. ಅಲ್ಲಿಂದ ಐದೈದು ವರ್ಷಕ್ಕೆ ಒಂದೊಂದು ಇಳಿಯುತ್ತ 46ರಿಂದ 50ಕ್ಕೆ 13. ಆಮೇಲೆ ಎರಡೆರಡು ಇಳಿದು 65 ದಾಟಿದವರಿಗೆ 5. ಆ ಪಟ್ಟಿ ಈಗ ಪ್ರತಿಯೊಬ್ಬ ಎಂವಿಸಿ ವಕೀಲನ ಮೇಜಿನ ಗಾಜಿನ ಕೆಳಗಿದೆ. ಅದು ಹುಟ್ಟಿದ ಕೇಸನ್ನು ಮಾತ್ರ ಮರೆಯುವುದು ಕಷ್ಟ. ದೆಹಲಿಯಲ್ಲಿ 1988ರ ಏಪ್ರಿಲ್‌ನಲ್ಲಿ ಬಸ್ಸಿನ ಅಪಘಾತಕ್ಕೆ ಸಿಕ್ಕು ಸತ್ತ 38 ವರ್ಷದ ವಿಜ್ಞಾನಿಯೊಬ್ಬರ ಕುಟುಂಬದ ಕೇಸು ಅದು. ಹೆಂಡತಿ, ಮೂವರು ಸಣ್ಣ ಮಕ್ಕಳು, ತಂದೆ ತಾಯಿ, ಅಜ್ಜ ಸೇರಿ ಹಾಕಿದ ಅರ್ಜಿಗೆ ಕೊನೆಯ ತೀರ್ಪು ಬರುವಾಗ 21 ವರ್ಷ ಕಳೆದಿತ್ತು.

ಮುಂದಿನ ಬೆಳವಣಿಗೆಯ ಅಂಕಿಯನ್ನು ಗಟ್ಟಿ ಮಾಡಿದ್ದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, 2017ರ ಅಕ್ಟೋಬರ್ 31ರಂದು, ಪ್ರಣಯ್ ಸೇಠಿ ಪ್ರಕರಣದಲ್ಲಿ. ಕಾಯಂ ನೌಕರರಾದರೆ 40ರೊಳಗಿನವರಿಗೆ ಶೇ 50, 40ರಿಂದ 50ಕ್ಕೆ ಶೇ 30, 50ರಿಂದ 60ಕ್ಕೆ ಶೇ 15. ಸ್ವಂತ ದುಡಿಮೆಯವರಿಗೆ, ನಿಗದಿತ ಸಂಬಳದವರಿಗೆ ಅದೇ ವಯಸ್ಸಿನ ಗುಂಪುಗಳಲ್ಲಿ ಶೇ 40, 25, 10. ಗಾರೆಯವನ, ಆಟೋ ಓಡಿಸುವವನ, ಹೂ ಮಾರುವವಳ ದುಡಿಮೆಯೂ ವರ್ಷ ಕಳೆದಂತೆ ಬೆಳೆಯುತ್ತದೆ ಎಂಬುದು ಇದರಿಂದ ಇಡೀ ದೇಶಕ್ಕೆ ಪ್ರಶ್ನಾತೀತ ನಿಯಮವಾಯಿತು. ನನ್ನ ವೃತ್ತಿಯಲ್ಲಿ ಬಡವರ ಪಾಲಿಗೆ ಇಷ್ಟು ಒಳ್ಳೆಯದು ಮಾಡಿದ ತೀರ್ಪು ಮತ್ತೊಂದಿಲ್ಲ.

ಕಳೆಯುವ ಪಾಲಿನ ವಿಷಯಕ್ಕೆ ಬಂದರೆ, ಮದುವೆಯಾದವರಲ್ಲಿ ನಂಬಿದವರು ಇಬ್ಬರು ಮೂವರಿದ್ದರೆ ಮೂರನೇ ಒಂದು, ನಾಲ್ಕರಿಂದ ಆರು ಜನರಿದ್ದರೆ ನಾಲ್ಕನೇ ಒಂದು, ಅದಕ್ಕೂ ಹೆಚ್ಚಿದ್ದರೆ ಐದನೇ ಒಂದು. ಮದುವೆಯಾಗದವರಿಗೆ ಅರ್ಧ. ಈ ‘ಅರ್ಧ’ದ ಮುಂದೆ ತಂದೆ ತಾಯಿಗಳು ಕುಸಿದು ಕೂರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ 24ರ ಮಗನನ್ನು ಕಳೆದುಕೊಂಡ ಒಬ್ಬ ತಂದೆ, ನಿವೃತ್ತ ಮೇಷ್ಟ್ರು, ತೀರ್ಪಿನ ಪ್ರತಿ ಹಿಡಿದುಕೊಂಡು ಕೇಳಿದರು: “ಅವನು ಎರಡು ಸಾವಿರ ಮಾತ್ರ ಇಟ್ಟುಕೊಂಡು ಉಳಿದದ್ದೆಲ್ಲ ನನ್ನ ಖಾತೆಗೆ ಹಾಕ್ತಿದ್ದ. ಅರ್ಧ ಸಂಬಳ ಅವನೇ ತಿನ್ನುತ್ತಿದ್ದ ಅಂತ ಇಲ್ಲಿ ಹೇಗೆ ಬರೆದರು?” ಮಗ ಮುಂದೆ ಮದುವೆಯಾಗುತ್ತಿದ್ದ, ಅವನಿಗೂ ಒಂದು ಸಂಸಾರ ಆಗುತ್ತಿತ್ತು, ಆಗ ಇಷ್ಟು ಬರುತ್ತಿರಲಿಲ್ಲ ಎಂದು ಕಾನೂನು ಊಹಿಸುತ್ತದೆ ಎಂದೆ. ಅವರು ಒಪ್ಪಲಿಲ್ಲ. ನನಗೂ ಆ ಊಹೆ ಪೂರ್ತಿ ಒಪ್ಪಿಗೆಯಿಲ್ಲ. ವಿಧವೆ ತಾಯಿ, ಓದುವ ತಮ್ಮ ತಂಗಿಯರು ಅವನನ್ನೇ ನಂಬಿದ್ದರು ಎಂದು ತೋರಿಸಿದರೆ ಮೂರನೇ ಒಂದು ಮಾತ್ರ ಕಳೆಯಲು ಅವಕಾಶವಿದೆ. ಆ ಸಾಕ್ಷ್ಯವನ್ನು ಮೊದಲೇ ಹಾಕಬೇಕು. ಇಂಥ ಕೇಸುಗಳಲ್ಲಿ ಗುಣಕಕ್ಕೆ ಹಿಡಿಯುವುದು ಸತ್ತ ಮಗನ ವಯಸ್ಸು, ತಂದೆ ತಾಯಿಯ ವಯಸ್ಸಲ್ಲ. ಇದು ಈಗ ಇತ್ಯರ್ಥವಾದ ಮಾತು.

ಈ ಲೆಕ್ಕದ ಆಚೆಗೆ ಸಣ್ಣ ಮೊತ್ತಗಳು ಮೂರು ಸೇರುತ್ತವೆ. ಸಾಂಗತ್ಯ ಕಳೆದುಕೊಂಡದ್ದಕ್ಕೆ 40,000, ಆಸ್ತಿಯ ನಷ್ಟಕ್ಕೆ 15,000, ಅಂತ್ಯಕ್ರಿಯೆಗೆ 15,000 ಎಂದು 2017ರ ಪೀಠ ನಿಗದಿ ಮಾಡಿ, ಮೂರು ವರ್ಷಕ್ಕೊಮ್ಮೆ ಶೇ 10 ಏರಿಸಬೇಕೆಂದಿತು. 2023ರ ಹೊತ್ತಿಗೆ ಎರಡು ಸಲ ಏರಿ ಸಾಂಗತ್ಯದ್ದು 48,400, ಉಳಿದೆರಡು ತಲಾ 18,150 ಆದವು. ಸಾಂಗತ್ಯವೆಂದರೆ ಹೆಂಡತಿಗೆ ಮಾತ್ರ ಎಂಬ ಭಾವನೆ ಹಿಂದೆ ಇತ್ತು. ಅಪ್ಪನನ್ನು ಕಳೆದುಕೊಂಡ ಮಕ್ಕಳಿಗೂ, ಮಗುವನ್ನು ಕಳೆದುಕೊಂಡ ತಂದೆ ತಾಯಿಗೂ ಇದು ಸಲ್ಲುತ್ತದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮೇಸ್ತ್ರಿಯ ಮನೆಯ ನಾಲ್ಕೂ ಜನರಿಗೆ ಸೇರಿ ಇದು 1,93,600 ಆಗುತ್ತದೆ. ಹಳೆಯ ಅರ್ಜಿಗಳಲ್ಲಿ ಮಕ್ಕಳ ಪಾಲು ಕೇಳದೇ ಬಿಟ್ಟದ್ದುಂಟು. ಹಾಗೆ ಬಿಟ್ಟಿದ್ದರೂ ಗಾಬರಿ ಬೇಡ. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ನ್ಯಾಯವೆಂದು ಕಂಡರೆ ಕೊಡಬಹುದು ಎಂದು 2002ರ ನಾಗಪ್ಪ ಪ್ರಕರಣದಿಂದ ಸ್ಪಷ್ಟವಾಗಿದೆ.

ದುಡಿದು ಸಂಬಳ ತರದ ಗೃಹಿಣಿ ಸತ್ತರೆ? ಕೆಲವು ವರ್ಷಗಳ ಹಿಂದೆ ಒಬ್ಬ ಗಂಡ ನನ್ನೆದುರೇ ಹೇಳಿದ್ದ, “ಅವಳೇನೂ ಕೆಲಸ ಮಾಡ್ತಿರಲಿಲ್ಲ ಸಾರ್, ಮನೇಲೇ ಇದ್ದಳು.” ಬೆಳಿಗ್ಗೆ ಐದಕ್ಕೆ ಯಾರು ಏಳುತ್ತಿದ್ದರು, ನೀರು ಯಾರು ಹಿಡಿಯುತ್ತಿದ್ದರು, ಹಸುವಿನ ಹಾಲು ಕರೆದು ಡೇರಿಗೆ ಯಾರು ಹಾಕುತ್ತಿದ್ದರು, ನಿಮ್ಮ ತಾಯಿಯ ಮಾತ್ರೆ ಯಾರು ನೋಡಿಕೊಳ್ಳುತ್ತಿದ್ದರು ಎಂದು ಒಂದೊಂದಾಗಿ ಕೇಳುತ್ತ ಹೋದೆ. ಅವನು ಪ್ರತಿಯೊಂದಕ್ಕೂ “ಅವಳೇ” ಎನ್ನುತ್ತ ಎನ್ನುತ್ತ ಅತ್ತುಬಿಟ್ಟ. ಕೋರ್ಟುಗಳಿಗೂ ಇದು ಅರ್ಥವಾಗಲು ಕಾಲ ಹಿಡಿಯಿತು. ಜಮ್ಶೆಡ್‌ಪುರದಲ್ಲಿ 1989ರ ಬೆಂಕಿ ದುರಂತದಲ್ಲಿ ಸತ್ತ ಗೃಹಿಣಿಯರ ಮನೆಗೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಬೆಲೆ ಹಿಡಿದದ್ದು 2001ರಲ್ಲಿ. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಇನ್ನೂ ಮುಂದೆ ಹೋದರು. ಕೇಂದ್ರ ಸರ್ಕಾರದ 2019ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಮನೆಯವರ ಆರೈಕೆಗೆ ಹೆಂಗಸರು 134, ಗಂಡಸರು 76 ನಿಮಿಷ. ಈ ಅಂಕಿಗಳನ್ನು ತೀರ್ಪಿನಲ್ಲೇ ಬರೆದು, ಗೃಹಿಣಿಗೂ ಅಂದಾಜು ಆದಾಯ ಹಿಡಿಯಬೇಕು, ಅದಕ್ಕೂ ಮುಂದಿನ ಬೆಳವಣಿಗೆ ಸೇರಿಸಬಹುದು ಎಂದರು. ಹೆಂಡತಿಯನ್ನು ಕಳೆದುಕೊಂಡವರು ಸಾಕ್ಷಿ ಕಟ್ಟೆಯಲ್ಲಿ “ಅವಳು ಕೆಲಸ ಮಾಡುತ್ತಿರಲಿಲ್ಲ” ಎಂಬ ಮಾತು ಆಡಬೇಡಿ. ಅದು ಸತ್ಯವೂ ಅಲ್ಲ.

ಎಲ್‌ಐಸಿ ಹಣ ಬಂದಿದೆ, ಪರಿಹಾರದಲ್ಲಿ ಕಡಿತ ಮಾಡುತ್ತಾರಾ ಎಂದು ಕೇಳುವವರಿಗೆ: ಮಾಡುವಂತಿಲ್ಲ. ಸತ್ತವರು ತಮ್ಮ ಕಂತು ಕಟ್ಟಿ ಗಳಿಸಿದ್ದು ಅದು. ಭವಿಷ್ಯನಿಧಿ, ಕುಟುಂಬ ಪಿಂಚಣಿ, ಅನುಕಂಪದ ನೌಕರಿಗೂ ಇದೇ ಮಾತು. ಆದರೆ ಸಂಬಳದಿಂದ ಆದಾಯ ತೆರಿಗೆ ಮಾತ್ರ ಕಳೆಯುತ್ತಾರೆ. ರೈತರ ವಿಷಯದಲ್ಲಿ ಬೇರೊಂದು ತೊಡಕಿದೆ. ಪಹಣಿ ಹಾಜರುಪಡಿಸಿದರೆ, ಜಮೀನು ಮನೆಯವರಿಗೇ ಉಳಿದಿದೆಯಲ್ಲ, ಬೆಳೆ ನಿಂತಿಲ್ಲವಲ್ಲ ಎನ್ನುತ್ತದೆ ಕೋರ್ಟು. ಹೋದದ್ದು ಅವರ ದುಡಿಮೆ, ಉಸ್ತುವಾರಿ. ಈಗ ಉಳುಮೆಗೆ, ನೀರು ಕಟ್ಟಲು, ಕಾವಲಿಗೆ ಆಳು ಇಟ್ಟು ಕೊಡುತ್ತಿರುವ ಕೂಲಿಯ ಲೆಕ್ಕ ತೋರಿಸಿದರೆ ಮಾತ್ರ ಅದಕ್ಕೆ ಬೆಲೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸಂದರ್ಭದಲ್ಲಿ ಲೆಕ್ಕ ಶುರುವೇ ಆಗುವುದಿಲ್ಲ. ತಪ್ಪು ಸತ್ತವರದ್ದೇ ಆಗಿದ್ದರೆ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅವರ ಮನೆಯವರಿಗೆ ಪರಿಹಾರವಿಲ್ಲ. 2014ರಲ್ಲಿ ಮಲ್ಲಸಂದ್ರದಿಂದ ಅರಸೀಕೆರೆಗೆ ಕಾರು ಓಡಿಸುತ್ತ ಅತಿವೇಗದಲ್ಲಿ ಉರುಳಿ ಸತ್ತವರೊಬ್ಬರ ಕುಟುಂಬ 80 ಲಕ್ಷ ಕೇಳಿತ್ತು. ನಮ್ಮ ಹೈಕೋರ್ಟು ತಿರಸ್ಕರಿಸಿತು. ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಅದನ್ನೇ ಎತ್ತಿಹಿಡಿಯಿತು. ಅರ್ಜಿಯ ಗಡುವಿನ ಬಗ್ಗೆಯೂ ಒಂದು ಮಾತು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆನ್ನುತ್ತದೆ. ಇದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರ್‌ನಲ್ಲಿ, ತಡವಾಯಿತೆಂಬ ಕಾರಣಕ್ಕೆ ಸದ್ಯಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ಕೊಟ್ಟಿದೆ. ಅದನ್ನು ನಂಬಿ ಕೂರಬೇಡಿ, ತಿಥಿ ಮುಗಿದ ಮೇಲೆ ಆದಷ್ಟು ಬೇಗ ಬನ್ನಿ. ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು, ಅಪಘಾತವಾದ ಜಾಗಕ್ಕೇ ಓಡಬೇಕಿಲ್ಲ.

ಮತ್ತೆ ಅಂದಾಜು ಆದಾಯದ ಆ ಪಟ್ಟಿಗೆ ಬರುತ್ತೇನೆ, ಏಕೆಂದರೆ ನನ್ನ ತಕರಾರು ಇರುವುದು ಅಲ್ಲಿ. ಲೋಕ್ ಅದಾಲತ್‌ನಲ್ಲಿ ರಾಜಿ ಸುಲಭವಾಗಲೆಂದು ಮಾಡಿದ ಅಂದಾಜು ಅದು. ಯಾವ ದಾಖಲೆಯೂ ಇಲ್ಲದವರಿಗೆ ಇಷ್ಟಾದರೂ ಸಿಗಲಿ ಎಂಬ ಒಳ್ಳೆಯ ಉದ್ದೇಶ ಇದೆ. ಆದರೆ ದಿನಗಳೆದಂತೆ ಅದು ನೆಲಗಟ್ಟಾಗುವ ಬದಲು ಮಾಳಿಗೆಯಾಗಿಬಿಟ್ಟಿದೆ. ಹತ್ತು ವರ್ಷ ಕೈ ಪಳಗಿದ ಗಾರೆಯವನಿಗೂ, ಅವನಿಗೆ ಇಟ್ಟಿಗೆ ಹೊತ್ತು ಕೊಡುವ ಹುಡುಗನಿಗೂ ಒಂದೇ ಅಂಕಿ. ಬೆಂಗಳೂರಿನ ಕೂಲಿ ಕಾರ್ಮಿಕರೊಬ್ಬರ ಗಾಯದ ಕೇಸಿನಲ್ಲಿ ಅವರು ಹೇಳಿದ 4,500 ರೂಪಾಯಿಯನ್ನು ಬಿಟ್ಟು ನ್ಯಾಯಮಂಡಳಿ 3,000 ಹಿಡಿದಾಗ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಕೂಲಿಯವರು ರಸೀದಿ ಇಟ್ಟುಕೊಳ್ಳುವವರಲ್ಲ, ಕೇಳಿದ್ದು ಅತಿಯಲ್ಲದಿದ್ದರೆ ನಂಬಬೇಕು ಎಂಬ ದಾರಿ ಅಲ್ಲಿ ಸಿಕ್ಕಿದೆ. ಈ ದಾರಿಯಲ್ಲಿ ನಮ್ಮ ನ್ಯಾಯಮಂಡಳಿಗಳು ಇನ್ನಷ್ಟು ಧೈರ್ಯವಾಗಿ ನಡೆಯಬೇಕು ಎಂಬುದು ನನ್ನ ಕೋರಿಕೆ.

ಅವತ್ತು ಆ ಹೆಣ್ಣುಮಗಳನ್ನು ಕೇಳಿದೆ, “ನಿನ್ನ ಯಜಮಾನ ಹಾಜರಿ ಪುಸ್ತಕ ಇಟ್ಟಿದ್ದನೇನಮ್ಮಾ? ತಂದಿದ್ದೀಯಾ?” ಅವಳಿಗೆ ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು. ಮರುದಿನ ಸೆರಗಿನಲ್ಲಿ ಸುತ್ತಿಕೊಂಡು ತಂದರು. ಅಂಗೈ ಅಗಲದ ನೋಟ್‌ಬುಕ್ಕು, ಅಂಚಿಗೆಲ್ಲ ಸಿಮೆಂಟಿನ ಬೂದು. ಒಂದೊಂದು ಪುಟಕ್ಕೆ ಒಂದೊಂದು ವಾರ. ಕೆಲಸ ಮಾಡಿದ ದಿನಕ್ಕೆ ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು, ಶನಿವಾರದ ಬಟವಾಡೆಯ ಮೊತ್ತ, ಪಕ್ಕದಲ್ಲಿ ಕೆಲಸ ಕೊಟ್ಟ ಮನೆಯ ಗುರುತು. ಒಂದು ಪುಟದಲ್ಲಿ ಮಗಳು ಪೆನ್ಸಿಲಿನಲ್ಲಿ ಮನೆಯ ಚಿತ್ರ ಬರೆದಿದ್ದಳು. ದಿನಗೂಲಿ 850, ತಿಂಗಳಿಗೆ ಸರಾಸರಿ 24 ದಿನ. ಕಂಟ್ರಾಕ್ಟರನ್ನು ಸಾಕ್ಷಿಗೆ ಕರೆದೆ. ಕಟ್ಟಡ ಕಾರ್ಮಿಕರ ಕಾರ್ಡು ಹಾಕಿದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕೆಲವು ಬಟವಾಡೆ ಫೋನ್‌ಪೇ ಮೂಲಕ ಬಂದದ್ದು ನೋಟ್‌ಬುಕ್ಕಿನ ಶನಿವಾರಗಳಿಗೆ ಸರಿಯಾಗಿ ಹೊಂದುತ್ತಿತ್ತು. ಪಾಟೀ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಒಂದೆರಡು ಪುಟ ತಿರುಗಿಸಿ, ಪುಸ್ತಕವನ್ನು ಹಾಗೇ ಮೇಜಿನ ಮೇಲಿಟ್ಟರು.

ನ್ಯಾಯಮಂಡಳಿ ತಿಂಗಳಿಗೆ 20,000 ಹಿಡಿಯಿತು. ಶೇ 40 ಸೇರಿಸಿ, ಕಾಲು ಭಾಗ ಕಳೆದು, 16ರಿಂದ ಗುಣಿಸಿ 40,32,000 ರೂಪಾಯಿ. ಸಾಂಗತ್ಯ, ಅಂತ್ಯಕ್ರಿಯೆ ಇತ್ಯಾದಿ ಬೇರೆ, ಅರ್ಜಿ ಹಾಕಿದ ದಿನದಿಂದ ಶೇ 6 ಬಡ್ಡಿ ಬೇರೆ. ಮಕ್ಕಳ ಪಾಲನ್ನು ಅವರು ಪ್ರಾಯಕ್ಕೆ ಬರುವ ತನಕ ಬ್ಯಾಂಕಿನಲ್ಲಿ ಠೇವಣಿ ಇಡಿಸಿದರು. ಪಟ್ಟಿಯ 15,000ಕ್ಕೇ ನಿಂತಿದ್ದರೆ ಬರುತ್ತಿದ್ದುದಕ್ಕಿಂತ ಇದು 10,08,000 ಹೆಚ್ಚು.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯಲ್ಲಿ ದುಡಿಯುವವರ ಹಾಜರಿ ಪುಸ್ತಕ, ಡೇರಿ ಪಾಸ್‌ಬುಕ್ಕು, ಆಟೋದ ಕಲೆಕ್ಷನ್ ಚೀಟಿ, ಕಾರ್ಮಿಕರ ಕಾರ್ಡು ಎಲ್ಲಿದೆ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ಕೂಲಿಯನ್ನು ತಿಂಗಳಲ್ಲಿ ಒಂದೆರಡು ಸಲವಾದರೂ ಖಾತೆಗೆ ಹಾಕಿಸಿಕೊಳ್ಳಿ. ಅದಾಲತ್‌ನಲ್ಲಿ ರಾಜಿಗೆ ಕೂರುವ ಮುನ್ನ ನಿಮ್ಮ ವಕೀಲರಿಂದ ಈ ನಾಲ್ಕು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಸಹಿ ಹಾಕುವುದು ಆಮೇಲಾಗಲಿ.